ರಕ್ತದ ಬ್ಯಾಗ್‌ಗಳನ್ನು ಎಣಿಸುತ್ತಿದ್ದೀರಾ? ಅಸ್ಥಿಮಜ್ಜೆಯ ಕಾಯಿಲೆ ಮತ್ತು ಮೈಯಲ್ಲಿ ಉಳಿಯುವ ಕಬ್ಬಿಣ

ಕಿರಿಮಗಳು

ಅಪ್ಪನಿಗೆ 68 ವರ್ಷ. ಹದಿನಾಲ್ಕು ತಿಂಗಳ ಹಿಂದೆ ಎಂಡಿಎಸ್ ಎಂದು ಗೊತ್ತಾಯಿತು, ಅಂದರೆ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್, ಅಸ್ಥಿಮಜ್ಜೆ ಸರಿಯಾದ ರಕ್ತಕಣಗಳನ್ನು ಕಟ್ಟಲಾರದ ಕಾಯಿಲೆ. ರಕ್ತಕ್ಯಾನ್ಸರ್‌ಗೆ ತಿರುಗುವ ಅಪಾಯ ಕಡಿಮೆ ಇರುವ ಗುಂಪಿನದು, ರಿಂಗ್ ಸಿಡೆರೋಬ್ಲಾಸ್ಟ್ ಇರುವಂಥದ್ದು ಎಂದು ವರದಿಯಲ್ಲಿತ್ತು. ಅಂದಿನಿಂದ ರಕ್ತ ಹಾಕಿಸುತ್ತಲೇ ಇದ್ದೇವೆ. ಮೊದಮೊದಲು ತಿಂಗಳಿಗೆ ಒಂದು ಬ್ಯಾಗ್ ಸಾಕಾಗುತ್ತಿತ್ತು. ಈಗ ಮೂರು ವಾರಕ್ಕೆ ಎರಡು ಬೇಕು.

ಕಳೆದ ವಾರ ಹಳೆಯ ಕಾಗದಗಳನ್ನೆಲ್ಲ ಹರವಿಕೊಂಡು ಕುಳಿತು ಲೆಕ್ಕ ಹಾಕಿದೆ. ಒಟ್ಟು 26 ಬ್ಯಾಗ್. ಒಂದೊಂದರಲ್ಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ ಎಂದು ಓದಿದೆ. ಕಡಿಮೆಯ ಲೆಕ್ಕ ಹಿಡಿದರೂ 5 ಗ್ರಾಂ ದಾಟುತ್ತದೆ. ಆರೋಗ್ಯವಂತ ದೊಡ್ಡವರ ಮೈಯಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟುಗೂಡಿಸಿದರೂ 3ರಿಂದ 4 ಗ್ರಾಂ. ಇನ್ನೊಬ್ಬ ಮನುಷ್ಯನ ಪೂರ್ತಿ ಕಬ್ಬಿಣಕ್ಕಿಂತ ಹೆಚ್ಚು ಅಪ್ಪನ ಮೈಗೆ ಬಂದು ಸೇರಿದೆ. ಹೊರಗೆ ಹೋಗುವುದೋ ದಿನಕ್ಕೆ 1ರಿಂದ 2 ಮಿಲಿಗ್ರಾಂ, ಅದೂ ಉದುರಿಹೋಗುವ ಚರ್ಮದ ಮತ್ತು ಕರುಳಿನ ಕೋಶಗಳ ಜೊತೆ. ಹೆಚ್ಚಾದ ಉಪ್ಪನ್ನು ಮೂತ್ರಪಿಂಡ ಹೊರಗೆ ಕಳಿಸುತ್ತದೆ. ಕಬ್ಬಿಣಕ್ಕೆ ಅಂಥ ಬಾಗಿಲೇ ಇಲ್ಲವಂತೆ.

ಇಷ್ಟು ತಿಂಗಳಲ್ಲಿ ಯಾರೂ ನಮಗೆ ಕಬ್ಬಿಣದ ಮಾತು ಎತ್ತಿರಲಿಲ್ಲ. ಹಿಮೋಗ್ಲೋಬಿನ್ ಎಷ್ಟು, ಮುಂದಿನ ಬ್ಯಾಗ್ ಯಾವಾಗ, ಇಷ್ಟರಲ್ಲೇ ಮಾತು ಮುಗಿಯುತ್ತಿತ್ತು. ಮೊನ್ನೆ ನಮ್ಮ ವೈದ್ಯರು ರಜೆಯಲ್ಲಿದ್ದಾಗ ಬೇರೊಬ್ಬರು ನೋಡಿ, ಮೈಯಲ್ಲಿನ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರು. 2,140 ಬಂದಿದೆ. ನನಗೆ ಸಿಟ್ಟೂ ಬಂದಿದೆ, ಭಯವೂ ಆಗಿದೆ.

ಯಕೃತ್ತಿಗೆ, ಹೃದಯಕ್ಕೆ ಕಬ್ಬಿಣ ತೊಂದರೆ ಕೊಡುತ್ತದೆ ಎಂಬುದು ಅರ್ಥವಾಗುತ್ತದೆ. ನನ್ನ ಪ್ರಶ್ನೆ ಬೇರೆ. ಕಾಯಿಲೆ ಬಿದ್ದಿರುವುದೇ ಮಜ್ಜೆ. ಈ ಕಬ್ಬಿಣ ಆ ಮಜ್ಜೆಯನ್ನೂ ಸುಡುತ್ತಿದೆಯೇ? ಈ ವಯಸ್ಸಿನಲ್ಲಿ ಕಬ್ಬಿಣ ಇಳಿಸುವ ಔಷಧ ಶುರು ಮಾಡುವುದು ಸರಿಯೇ? ಬಲ್ಲವರು ದಯವಿಟ್ಟು ಬರೆಯಿರಿ.

ರಕ್ತಬಂಧು

ಅಕ್ಕ, ನಾನು ಥಲಸ್ಸೀಮಿಯಾ ಮೇಜರ್ ಇರುವವನು, ಅಂದರೆ ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ. ವರ್ಷ ತುಂಬುವ ಮೊದಲೇ ರಕ್ತ ಹಾಕಿಸಲು ಶುರು ಮಾಡಿದರು, ಈಗ 33 ವರ್ಷ. ಕಬ್ಬಿಣದ ಜೊತೆಗೇ ಬೆಳೆದವನು, ಹಾಗಾಗಿ ಒಂದು ಮಾತು ಮೊದಲೇ ಹೇಳುತ್ತೇನೆ: ಫೆರಿಟಿನ್ ಒಂದನ್ನೇ ನಂಬಬೇಡಿ.

ಫೆರಿಟಿನ್ ಎಂದರೆ ಕಬ್ಬಿಣವನ್ನು ಒಳಗಿಟ್ಟು ಕಾಯುವ ಪ್ರೋಟೀನ್. ಕಬ್ಬಿಣ ಹೆಚ್ಚಾದರೆ ರಕ್ತದಲ್ಲಿ ಅದು ಏರುತ್ತದೆ, ನಿಜ. ಆದರೆ ಜ್ವರ ಬಂದರೂ ಏರುತ್ತದೆ, ಸೋಂಕಾದರೂ ಏರುತ್ತದೆ, ಯಕೃತ್ತಿಗೆ ಪೆಟ್ಟಾದರೂ ಏರುತ್ತದೆ. ಒಂದು ಸಲದ ಅಂಕಿಗಿಂತ ಆರೇಳು ತಿಂಗಳ ಏರಿಳಿತವೇ ಹೆಚ್ಚು ಹೇಳುತ್ತದೆ. ಯಾವ ಅಂಗದಲ್ಲಿ ಎಷ್ಟು ಕೂತಿದೆ ಎಂಬುದನ್ನು ಮಾತ್ರ ಅದು ಹೇಳುವುದೇ ಇಲ್ಲ.

ಕಬ್ಬಿಣ ಇಳಿಸಲು ನನಗೆ ಆಗ ಕೊಡುತ್ತಿದ್ದದ್ದು ಡೆಫೆರಾಕ್ಸಮಿನ್ ಎಂಬ ಔಷಧ ಒಂದೇ. ಹೊಟ್ಟೆಯ ಚರ್ಮದ ಕೆಳಗೆ ಸಣ್ಣ ಸೂಜಿ ಚುಚ್ಚಿ, ಪಂಪ್ ಕಟ್ಟಿಕೊಂಡು ಹತ್ತು ತಾಸು ಮಲಗಬೇಕು, ವಾರಕ್ಕೆ ಐದಾರು ರಾತ್ರಿ. ಮಗ್ಗುಲು ಬದಲಿಸಿದರೆ ನಳಿಕೆ ಎಳೆಯುತ್ತಿತ್ತು. ಬೆಳಿಗ್ಗೆ ಸೂಜಿ ತೆಗೆದ ಜಾಗದಲ್ಲಿ ಗಟ್ಟಿಯಾದ ಕೆಂಪು ಗಂಟು, ಅದರ ಮೇಲೆ ತುರಿಕೆ. ಇಂದು ಎಡಕ್ಕೆ ಚುಚ್ಚಿದರೆ ನಾಳೆ ಬಲಕ್ಕೆ. ಹದಿನೇಳರ ಹುಡುಗನಿಗೆ ಅದು ಬೇಸರವಾಯಿತು. ಮನೆಯವರಿಗೆ ಗೊತ್ತಾಗದಂತೆ ವಾರಗಟ್ಟಲೆ ತಪ್ಪಿಸಿದೆ. ಎರಡು ವರ್ಷದ ನಂತರ ಎಂಆರ್‌ಐ ಮಾಡಿದಾಗ ಹೃದಯದ ಟಿ2 ಸ್ಟಾರ್ 8 ಮಿಲಿಸೆಕೆಂಡ್ ಬಂತು. 20ಕ್ಕಿಂತ ಕೆಳಗಿಳಿದರೆ ಹೃದಯದಲ್ಲಿ ಕಬ್ಬಿಣ ಇದೆ ಎಂದರ್ಥ, 10ಕ್ಕಿಂತ ಕೆಳಗಾದರೆ ತೀವ್ರ ಎಂದರ್ಥ. ಆಗ ನನ್ನ ಫೆರಿಟಿನ್ ಎಷ್ಟಿತ್ತು ಗೊತ್ತೇ? 1,900. ನಿಮ್ಮ ತಂದೆಯವರಿಗಿಂತ ಕಡಿಮೆ.

ಎರಡು ಔಷಧ ಸೇರಿಸಿ ಕೊಟ್ಟರು. ಯಕೃತ್ತು ಬೇಗ ಹಗುರವಾಯಿತು, ಹೃದಯ ಮಾತ್ರ ಬಹಳ ನಿಧಾನ. 20 ದಾಟಲು ನಾಲ್ಕು ವರ್ಷ ಹಿಡಿಯಿತು. ನಿಮ್ಮ ತಂದೆಯವರಿಗೆ ಯಕೃತ್ತು, ಹೃದಯ ಎರಡರದ್ದೂ ಎಂಆರ್‌ಐ ಕೇಳಿ. ಇಂದೇ ಒಂದು ನೋಟ್‌ಪುಸ್ತಕ ಇಡಿ: ಬ್ಯಾಗ್‌ನ ಕ್ರಮಸಂಖ್ಯೆ, ದಿನಾಂಕ, ಹಾಕುವ ಮೊದಲಿನ ಹಿಮೋಗ್ಲೋಬಿನ್, ಮೂರು ತಿಂಗಳಿಗೊಮ್ಮೆ ಫೆರಿಟಿನ್.

ನೀಲಿಕಣ

ನಾನು ಪ್ರಯೋಗಾಲಯದಲ್ಲಿ ಮಜ್ಜೆಯ ಸ್ಲೈಡ್‌ಗಳನ್ನು ಬಣ್ಣ ಹಾಕಿ ನೋಡುವ ಕೆಲಸದವಳು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನನ್ನ ಕಣ್ಣ ಮುಂದೆ ದಿನವೂ ಇರುತ್ತದೆ.

ಕಬ್ಬಿಣ ನೋಡಲು ಪರ್ಲ್ಸ್ ಬಣ್ಣ ಬಳಸುತ್ತೇವೆ. 1867ರಿಂದ ಬಳಕೆಯಲ್ಲಿರುವ ವಿಧಾನ ಇದು. ಪೊಟ್ಯಾಸಿಯಂ ಫೆರೋಸೈನೈಡ್ ದ್ರಾವಣವನ್ನೂ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಳಸುವ ಹೊತ್ತಿಗೆ ಬೆರೆಸಿಕೊಂಡು ಸ್ಲೈಡ್ ಅದ್ದುತ್ತೇವೆ. ಕಬ್ಬಿಣ ಇದ್ದ ಕಡೆ ಕಡುನೀಲಿ ಏಳುತ್ತದೆ. ನಲ್ಲಿಯ ನೀರಿನಲ್ಲಿ ತೊಳೆದರೆ ಆ ನೀರಿನ ಕಬ್ಬಿಣವೇ ನೀಲಿಯಾಗಿ ಕೂತು ಮೋಸ ಮಾಡುತ್ತದೆ, ಆದ್ದರಿಂದ ಬಟ್ಟಿ ಇಳಿಸಿದ ನೀರೇ ಬೇಕು. ಕಬ್ಬಿಣ ಇದೆಯೆಂದು ಮೊದಲೇ ಗೊತ್ತಿರುವ ಒಂದು ಸ್ಲೈಡನ್ನೂ ಪಕ್ಕದಲ್ಲಿಟ್ಟು ಬಣ್ಣ ಹಾಕುತ್ತೇವೆ. ಅದು ನೀಲಿಯಾಗದಿದ್ದರೆ ಆ ದಿನದ ಕೆಲಸವನ್ನೆಲ್ಲ ಮತ್ತೆ ಮಾಡಬೇಕು.

ಸಹಜವಾದ ಮಜ್ಜೆಯಲ್ಲಿ ಎಳೆಯ ಕೆಂಪುಕಣದೊಳಗೆ ಒಂದೆರಡು ಸಣ್ಣ ನೀಲಿ ಚುಕ್ಕೆ ಕಂಡರೆ ಹೆಚ್ಚು. ನಿಮ್ಮ ತಂದೆಯವರಂಥವರ ಮಜ್ಜೆಯಲ್ಲಿ ತಿಳಿಗೆಂಪು ಕೋಶಕೇಂದ್ರದ ಸುತ್ತ ನೀಲಿ ಮಣಿಗಳನ್ನು ಪೋಣಿಸಿಟ್ಟಂತೆ ಕಾಣುತ್ತದೆ. ಕನಿಷ್ಠ ಐದು ಕಣ ಇರಬೇಕು, ಕೇಂದ್ರದ ಸುತ್ತಳತೆಯ ಮೂರನೆಯ ಒಂದು ಭಾಗವನ್ನಾದರೂ ಬಳಸಿರಬೇಕು. ಆಗ ಅದನ್ನು ರಿಂಗ್ ಸಿಡೆರೋಬ್ಲಾಸ್ಟ್ ಎಂದು ಎಣಿಸುತ್ತೇವೆ. ಆ ನೀಲಿ ಕೂತಿರುವುದು ಮೈಟೋಕಾಂಡ್ರಿಯಾದೊಳಗೆ, ಅಂದರೆ ಕೋಶ ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಜಾಗದಲ್ಲೇ. ಹಿಮೋಗ್ಲೋಬಿನ್‌ಗೆ ಹೋಗಬೇಕಿದ್ದ ಕಬ್ಬಿಣ ದಾರಿಯಲ್ಲೇ ಸಿಕ್ಕಿಕೊಂಡಿದೆ.

ಗಮನಿಸಿ, ಮೊದಲ ಬ್ಯಾಗ್ ರಕ್ತ ಹಾಕುವುದಕ್ಕೂ ಮುನ್ನ ತೆಗೆದ ಮಜ್ಜೆಯಲ್ಲೇ ಈ ಉಂಗುರಗಳು ಕಾಣುತ್ತವೆ. ಇಲ್ಲಿ ಕಬ್ಬಿಣದ ತೊಡಕು ರಕ್ತ ಹಾಕಿದ್ದರಿಂದಷ್ಟೇ ಹುಟ್ಟಿದ್ದಲ್ಲ.

ಕೋಶಲೋಕ

ನೀಲಿಕಣ ಅವರು ಸರಿಯಾದ ಜಾಗದಲ್ಲಿ ಬಾಗಿಲು ತೆರೆದಿದ್ದಾರೆ, ಅಲ್ಲಿಂದಲೇ ಮುಂದುವರಿಯುತ್ತೇನೆ. ರಕ್ತಕಣಗಳ ಹುಟ್ಟಿನ ಬಗ್ಗೆ ಸಂಶೋಧನೆ ಮಾಡುವ ಗುಂಪಿನಲ್ಲಿ ನಾನಿದ್ದೇನೆ. ರೋಗಿಗಳನ್ನು ನೋಡುವ ವೈದ್ಯನಲ್ಲ.

ಮೊದಲು ರಸಾಯನಶಾಸ್ತ್ರ, ಯಾಕೆಂದರೆ ಎಲ್ಲವೂ ಅಲ್ಲಿಗೇ ಬಂದು ನಿಲ್ಲುತ್ತದೆ. ನಮ್ಮ ಪ್ರತಿ ಕೋಶವೂ ಆಮ್ಲಜನಕ ಬಳಸುವಾಗ ಸ್ವಲ್ಪ ಸೂಪರ್‌ಆಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಅವನ್ನು ಸಂಭಾಳಿಸಲು ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್, ಕೆಟಲೇಸ್, ಗ್ಲುಟಥಯಾನ್ ಎಂಬ ಕಾವಲು ಇದೆ. ಪೆರಾಕ್ಸೈಡ್ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಆದರೆ ಅದರ ಪಕ್ಕದಲ್ಲಿ ಯಾವುದಕ್ಕೂ ಕಟ್ಟಿಕೊಳ್ಳದ ಕಬ್ಬಿಣ ಸಿಕ್ಕರೆ ಹೈಡ್ರಾಕ್ಸಿಲ್ ರ್ಯಾಡಿಕಲ್ ಹುಟ್ಟುತ್ತದೆ. ಜೀವಕೋಶದಲ್ಲಿ ಅದಕ್ಕಿಂತ ಉಗ್ರವಾದ ಉತ್ಕರ್ಷಕ, ಅಂದರೆ ಬೇರೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ವಸ್ತು, ಇಲ್ಲ ಎನ್ನಬಹುದು. ಹುಟ್ಟಿದ ಜಾಗದಲ್ಲೇ ಕೈಗೆ ಸಿಕ್ಕಿದ್ದನ್ನು ಕಚ್ಚುತ್ತದೆ: ಪೊರೆಯ ಕೊಬ್ಬು, ಪ್ರೋಟೀನ್, ಡಿಎನ್‌ಎ. ಅದನ್ನು ತಟಸ್ಥಗೊಳಿಸಲೆಂದೇ ಇರುವ ಕಿಣ್ವ ನಮ್ಮಲ್ಲಿಲ್ಲ. ಕಬ್ಬಿಣ ಮತ್ತು ಪೆರಾಕ್ಸೈಡ್‌ನ ಈ ಕ್ರಿಯೆಗೆ ಹೆನ್ರಿ ಫೆಂಟನ್ ಅವರ ಹೆಸರಿದೆ. ಅವರು 1894ರಲ್ಲಿ ಟಾರ್ಟಾರಿಕ್ ಆಮ್ಲದ ಮೇಲೆ ಇದನ್ನು ತೋರಿಸಿದ್ದರು.

ಭಯ ಹುಟ್ಟಿಸುವ ಸಂಗತಿ ಎಂದರೆ ಕಬ್ಬಿಣ ಈ ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ. ಫೆರಸ್ ರೂಪದಲ್ಲಿ ಬಂದು, ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಫೆರಿಕ್ ಆಗುತ್ತದೆ. ಸೂಪರ್‌ಆಕ್ಸೈಡ್ ಅದನ್ನು ಮತ್ತೆ ಫೆರಸ್ ಮಾಡಿ ಕಳಿಸುತ್ತದೆ. ಒಂದೇ ಪರಮಾಣು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ. ಆದ್ದರಿಂದಲೇ ದೇಹ ಕಬ್ಬಿಣವನ್ನು ಎಂದೂ ಒಂಟಿಯಾಗಿ ಓಡಾಡಲು ಬಿಡುವುದಿಲ್ಲ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಅದನ್ನು ಹಿಡಿದುಕೊಂಡಿರುತ್ತದೆ, ಕೋಶದೊಳಗೆ ಫೆರಿಟಿನ್. ಸಹಜವಾಗಿ ಟ್ರಾನ್ಸ್‌ಫೆರಿನ್‌ನ ಜಾಗಗಳಲ್ಲಿ ಶೇಕಡಾ 20ರಿಂದ 45ರಷ್ಟು ಮಾತ್ರ ತುಂಬಿರುತ್ತವೆ. ಶೇಕಡಾ 70 ದಾಟಿತೆಂದರೆ ಹಿಡಿಯುವವರಿಲ್ಲದ ಕಬ್ಬಿಣ ರಕ್ತದಲ್ಲಿ ತೇಲತೊಡಗುತ್ತದೆ. ಅದು ಟ್ರಾನ್ಸ್‌ಫೆರಿನ್‌ನ ಬಾಗಿಲಿಗೆ ಬರುವುದೇ ಇಲ್ಲ. ಯಕೃತ್ತು, ಹೃದಯ, ಮೇದೋಜ್ಜೀರಕ, ಪಿಟ್ಯುಟರಿ ಗ್ರಂಥಿಗಳ ಕೋಶಗಳಿಗೆ ಬೇರೆ ದಾರಿಗಳಲ್ಲಿ ನುಗ್ಗುತ್ತದೆ. ಆದ್ದರಿಂದ ಫೆರಿಟಿನ್ ಜೊತೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೂಡ ಮಾಡಿಸಿ. ಅದರ ಕಡೆ ಹೆಚ್ಚಿನವರ ಗಮನವೇ ಹೋಗುವುದಿಲ್ಲ.

ಈಗ ಮಜ್ಜೆ. ಎಲ್ಲ ರಕ್ತಕಣಗಳಿಗೂ ಮೂಲವಾದ ಕಾಂಡಕೋಶಗಳು ಆಮ್ಲಜನಕ ಕಡಿಮೆ ಇರುವ ಮೂಲೆಗಳಲ್ಲಿ, ಹೆಚ್ಚಿನ ಕಾಲ ನಿದ್ದೆಯಲ್ಲಿದ್ದಂತೆ ಇರುತ್ತವೆ. ಆ ನಿದ್ದೆಯೇ ಅವುಗಳ ಆಯುಷ್ಯ. ಉತ್ಕರ್ಷಣದ ಒತ್ತಡ ಏರಿದರೆ ಪಿ38 ಎಂಬ ಸಂಕೇತದಾರಿ ಚುರುಕಾಗಿ ಅವು ಎಚ್ಚರಗೊಳ್ಳುತ್ತವೆ, ಅತಿಯಾಗಿ ವಿಭಜಿಸುತ್ತವೆ, ಬೇಗ ಬರಿದಾಗುತ್ತವೆ. ಇಲಿಗಳಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ಕಬ್ಬಿಣ ತುಂಬಿಸಿದ ಇಲಿಗಳ ಮಜ್ಜೆ ರಕ್ತ ಕಟ್ಟುವ ಶಕ್ತಿಯಲ್ಲಿ ಹಿಂದೆ ಬೀಳುವುದನ್ನೂ ಕಂಡಿದ್ದಾರೆ. ಕಾಂಡಕೋಶಗಳಿಗೆ ಆಸರೆಯಾಗಿರುವ ಸುತ್ತಲಿನ ಕೋಶಗಳೂ ಕಬ್ಬಿಣದಿಂದ ಸೊರಗುತ್ತವೆ. ಮನುಷ್ಯರಲ್ಲಿ ಎಂಡಿಎಸ್ ಇರುವವರ ಮಜ್ಜೆಯ ಕೋಶಗಳಲ್ಲಿ ಉತ್ಕರ್ಷಣದ ಗುರುತುಗಳು ಹೆಚ್ಚು, ಗ್ಲುಟಥಯಾನ್ ಕಡಿಮೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಕಬ್ಬಿಣ ಮಜ್ಜೆಗೂ ತಟ್ಟುತ್ತದೆ. ಆದರೆ ಕಬ್ಬಿಣವೇ ಎಂಡಿಎಸ್ ಅನ್ನು ರಕ್ತಕ್ಯಾನ್ಸರ್ ಆಗಿಸುತ್ತದೆ ಎಂದು ಮನುಷ್ಯರಲ್ಲಿ ಸಾಬೀತಾಗಿಲ್ಲ. ಆ ಭಯವನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ನೀಲಿಕಣ ಅವರ ಕೊನೆಯ ಮಾತಿಗೆ ಕಾರಣವೂ ಗೊತ್ತಾಗಿದೆ. ಕರುಳಿನಿಂದ ಕಬ್ಬಿಣ ಎಷ್ಟು ಒಳಗೆ ಬರಬೇಕು ಎಂಬುದನ್ನು ಯಕೃತ್ತಿನ ಹೆಪ್ಸಿಡಿನ್ ಎಂಬ ಹಾರ್ಮೋನ್ ತೀರ್ಮಾನಿಸುತ್ತದೆ. ಅದು ಏರಿದರೆ ಬಾಗಿಲು ಮುಚ್ಚುತ್ತದೆ. ಮಜ್ಜೆಯಲ್ಲಿ ಎಳೆಯ ಕೆಂಪುಕಣಗಳು ಕಿಕ್ಕಿರಿದು, ಬಲಿಯದೆ ಸಾಯುತ್ತಿರುವಾಗ ಅವು ಎರಿತ್ರೊಫೆರೋನ್ ಎಂಬ ಇನ್ನೊಂದು ಹಾರ್ಮೋನನ್ನು ಕಳಿಸುತ್ತವೆ. 2014ರಲ್ಲಿ ಗುರುತಿಸಿದ ಹಾರ್ಮೋನ್ ಇದು. ‘ಇಲ್ಲಿ ಕೆಂಪುಕಣ ಸಾಲುತ್ತಿಲ್ಲ, ಕಬ್ಬಿಣ ಕಳಿಸಿ’ ಎಂಬ ಕೂಗು ಅದು. ಹೆಪ್ಸಿಡಿನ್ ಇಳಿಯುತ್ತದೆ, ಬಾಗಿಲು ತೆರೆದೇ ಇರುತ್ತದೆ. ರಿಂಗ್ ಸಿಡೆರೋಬ್ಲಾಸ್ಟ್ ಇರುವ ಹೆಚ್ಚಿನವರಲ್ಲಿ ಎಸ್‌ಎಫ್‌3ಬಿ1 ಎಂಬ ಜೀನ್‌ನ ಬದಲಾವಣೆ ಇರುತ್ತದೆ. ಅವರಲ್ಲಿ ಎರಿತ್ರೊಫೆರೋನ್‌ನ ಒಂದು ಬದಲಾದ ರೂಪವೂ ತಯಾರಾಗುತ್ತದೆ ಎಂದು 2019ರಲ್ಲಿ ಕಂಡುಕೊಂಡರು. ಮೈಯಲ್ಲಿ ಕಬ್ಬಿಣ ತುಂಬಿ ತುಳುಕುತ್ತಿದ್ದರೂ ಕರುಳು ಇನ್ನಷ್ಟು ಎಳೆದುಕೊಳ್ಳುತ್ತಲೇ ಇರುತ್ತದೆ.

ಕಿರಿಮಗಳು

ಓದುತ್ತಾ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. ಅಪ್ಪನ ವರದಿಯಲ್ಲಿ ಎಸ್‌ಎಫ್‌3ಬಿ1 ಎಂದೇ ಇದೆ. ಇಷ್ಟು ದಿನ ಅದೊಂದು ಅರ್ಥವಾಗದ ಸಂಕೇತದ ಹಾಗಿತ್ತು.

ಒತ್ತಡ ಉತ್ಕರ್ಷಣದ್ದು ಎಂದ ಮೇಲೆ ಅದನ್ನು ತಡೆಯುವ ವಿಟಮಿನ್ ಸಿ, ವಿಟಮಿನ್ ಇ ಮಾತ್ರೆಗಳನ್ನು ಕೊಡಬಹುದೇ? ಪರಿಚಯದವರೊಬ್ಬರು ತಂದುಕೊಟ್ಟಿದ್ದಾರೆ, ಮೇಜಿನ ಮೇಲಿದೆ.

ಗುಳಿಗೆಪೆಟ್ಟಿಗೆ

ತಂಗಿ, ಆ ಡಬ್ಬಿಯನ್ನು ಮೇಜಿನ ಮೇಲಿಂದ ತೆಗೆದಿಡಿ. ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಈ ಪ್ರಶ್ನೆ ಬಂದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ.

ವಿಟಮಿನ್ ಸಿ ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡುತ್ತದೆ. ಕೋಶಲೋಕ ಅವರು ಹೇಳಿದ ಚಕ್ರವನ್ನು ಮತ್ತೆ ತಿರುಗಿಸುವ ಕೆಲಸ ಅದೇ. ಕೂಡಿಟ್ಟ ಕಬ್ಬಿಣವನ್ನೂ ಹೊರಗೆಳೆಯುತ್ತದೆ, ಕರುಳಿನಿಂದ ಕಬ್ಬಿಣ ಹೀರಿಕೊಳ್ಳುವುದನ್ನೂ ಹೆಚ್ಚಿಸುತ್ತದೆ. ಕಬ್ಬಿಣ ತುಂಬಿದ ಮೈಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಕೊಟ್ಟಾಗ ಹೃದಯಕ್ಕೆ ತೊಂದರೆಯಾದದ್ದಿದೆ. ಡೆಫೆರಾಕ್ಸಮಿನ್ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ, ಏಕೆಂದರೆ ಹಾಗೆ ಹೊರಬಂದ ಕಬ್ಬಿಣವನ್ನು ಹಿಡಿಯಲು ಔಷಧ ಕಾದಿರುತ್ತದೆ. ಅದೂ ಚಿಕಿತ್ಸೆ ಶುರುವಾಗಿ ಒಂದು ತಿಂಗಳಾದ ಮೇಲೆ, ದೊಡ್ಡವರಿಗೆ ದಿನಕ್ಕೆ 200 ಮಿಲಿಗ್ರಾಂ ಮೀರದಂತೆ, ವೈದ್ಯರ ಕಣ್ಣಳತೆಯಲ್ಲಿ. ವಿಟಮಿನ್ ಇ ಕೊಟ್ಟರೆ ಎಂಡಿಎಸ್ ಇರುವವರ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೂ ಆಧಾರವಿಲ್ಲ. ಇನ್ನೊಂದು: ‘ಬಲಕ್ಕೆ’ ಎಂದು ಕೊಳ್ಳುವ ಮಲ್ಟಿವಿಟಮಿನ್ ಡಬ್ಬಿಯ ಹಿಂಬದಿಯನ್ನು ಓದಿ. ಅನೇಕದರಲ್ಲಿ ಕಬ್ಬಿಣ ಸೇರಿರುತ್ತದೆ. ರಕ್ತ ಕಡಿಮೆ ಎಂದ ಕೂಡಲೇ ಕಬ್ಬಿಣದ ಗುಳಿಗೆ ಎಂಬ ರೂಢಿ ಇಲ್ಲಿ ತಿರುಗುಬಾಣವಾಗುತ್ತದೆ.

ಕಬ್ಬಿಣದಿಂದಾಗುವ ಉತ್ಕರ್ಷಣವನ್ನು ತಡೆಯುವ ನೆಟ್ಟಗಿನ ದಾರಿ ಆ ಕಬ್ಬಿಣವನ್ನೇ ಹಿಡಿದು ಹೊರಹಾಕುವುದು. ಅದಕ್ಕೆ ಇರುವವು ಮೂರು ಔಷಧ. ಡೆಫೆರಾಕ್ಸಮಿನ್ ಬಗ್ಗೆ ರಕ್ತಬಂಧು ಬರೆದಿದ್ದಾರೆ. ಡೆಫೆರಿಪ್ರೋನ್ ಹೃದಯದ ಕಬ್ಬಿಣಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬಿಳಿರಕ್ತಕಣಗಳನ್ನು ಇದ್ದಕ್ಕಿದ್ದಂತೆ ಕುಸಿಯುವಂತೆ ಮಾಡಬಲ್ಲದು. ಎಂಡಿಎಸ್‌ನಲ್ಲಿ ಬಿಳಿಕಣ ಮೊದಲೇ ಕಡಿಮೆ ಇರುವ ಸಂಭವ ಹೆಚ್ಚಾದ್ದರಿಂದ ಅದನ್ನು ಬಹಳ ಯೋಚಿಸಿ ಕೊಡುತ್ತಾರೆ. ನಿಮ್ಮ ತಂದೆಯವರಿಗೆ ಬಹುಶಃ ಡೆಫೆರಾಸಿರಾಕ್ಸ್ ಬರೆಯುತ್ತಾರೆ, ದಿನಕ್ಕೊಮ್ಮೆ ನುಂಗುವಂಥದ್ದು.

ಅದು ಸುಮ್ಮನೆ ಬರೆದುಕೊಟ್ಟು ಮರೆತುಬಿಡುವ ಔಷಧವಲ್ಲ. ಶುರು ಮಾಡುವ ಮೊದಲು ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ, ಎರಡು ಸಲ ನೋಡಬೇಕು. ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದ್ದರೆ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಜೊತೆಗೆ ಮೂತ್ರದ ಪ್ರೋಟೀನ್, ಯಕೃತ್ತಿನ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು ಮತ್ತು ಕಿವಿ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ ಕೊಡಬಾರದು, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ. ಅಲ್ಯುಮಿನಿಯಂ ಇರುವ ಆಸಿಡಿಟಿ ಔಷಧದ ಜೊತೆ ಕೊಡಬಾರದು. ವಾಂತಿ, ಭೇದಿ, ಜ್ವರ ಬಂದು ಮೈಯ ನೀರು ಆರಿದಂತಾದರೆ ಅಂದೇ ವೈದ್ಯರಿಗೆ ಫೋನ್ ಮಾಡಿ, ಔಷಧ ನಿಲ್ಲಿಸಬೇಕೇ ಎಂದು ಕೇಳಿ. ಮೂತ್ರಪಿಂಡ ಕೆಟ್ಟದ್ದನ್ನು ನಾನು ಕಂಡಿರುವುದು ಹೆಚ್ಚಾಗಿ ಇಂಥ ದಿನಗಳಲ್ಲಿ, ‘ಔಷಧ ತಪ್ಪಿಸಬಾರದು’ ಎಂಬ ನಿಷ್ಠೆಯಿಂದ ನುಂಗಿದವರಲ್ಲೇ.

ಹಿರಿಮಗ

ಎಲ್ಲರೂ ಒಂದೇ ದಿಕ್ಕಿಗೆ ಬರೆಯುತ್ತಿದ್ದೀರಿ, ನಾನು ಇನ್ನೊಂದು ಕಡೆಯದ್ದನ್ನು ಹೇಳಲೇಬೇಕು.

ನನ್ನ ಅಮ್ಮನಿಗೂ ಎಂಡಿಎಸ್ ಇತ್ತು, 76 ವರ್ಷ. ಅವರದ್ದು ಹೆಚ್ಚಿನ ಅಪಾಯದ ಗುಂಪು. ಫೆರಿಟಿನ್ 3,000 ಎಂದು ಡೆಫೆರಾಸಿರಾಕ್ಸ್ ಶುರು ಮಾಡಿದರು. ಎರಡನೆಯ ವಾರದಿಂದ ಭೇದಿ. ಒಂದೂವರೆ ತಿಂಗಳಿಗೆ ಕ್ರಿಯಾಟಿನಿನ್ 0.9ರಿಂದ 1.7ಕ್ಕೆ ಏರಿತು. ಊಟ ಸೇರುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಔಷಧ ಕಲಸಿದ ಲೋಟ ಹಿಡಿದು ನಾನು ಹತ್ತಿರ ಹೋದರೆ ಮುಖ ತಿರುಗಿಸುತ್ತಿದ್ದರು. ನಾನು ಗದರಿದ್ದೇನೆ. ಕೊನೆಗೆ ನಿಲ್ಲಿಸಿದೆವು. ಅದಾಗಿ ಐದು ತಿಂಗಳಿಗೆ ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡರು. ಅವರನ್ನು ಕೊಂಡೊಯ್ದದ್ದು ಕಬ್ಬಿಣವಲ್ಲ. ಆ ಒಂದೂವರೆ ತಿಂಗಳ ಬೆಳಗುಗಳನ್ನು ನಾನು ಅವರಿಂದ ಕಿತ್ತುಕೊಂಡೆ ಎಂಬುದು ಇಂದಿಗೂ ಚುಚ್ಚುತ್ತದೆ.

ಕಬ್ಬಿಣ ಇಳಿಸಿದರೆ ಎಂಡಿಎಸ್ ಇರುವವರು ಹೆಚ್ಚು ಕಾಲ ಬದುಕುತ್ತಾರೆ ಎಂದು ಸರಿಯಾದ ಹೋಲಿಕೆಯ ಅಧ್ಯಯನದಲ್ಲಿ ತೋರಿಸಿದ್ದಾರೆಯೇ? ಇಲಿಗಳ ಮಾತು ಬೇಡ.

ಕೋಶಲೋಕ

ಹಿರಿಮಗ ಅವರೇ, ಪ್ರಶ್ನೆ ನ್ಯಾಯವಾದದ್ದು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಔಷಧ ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಿದರು ಎಂದು ಹೇಳುವ ಅಧ್ಯಯನಗಳು ಅನೇಕ ಇವೆ. ಆದರೆ ಅವುಗಳಲ್ಲಿ ಗಟ್ಟಿಮುಟ್ಟಾಗಿದ್ದವರಿಗೇ ವೈದ್ಯರು ಔಷಧ ಬರೆದಿರುವ ಸಂಭವವಿದೆ, ಅದರಿಂದ ತೀರ್ಮಾನ ವಾಲುತ್ತದೆ. ಚೀಟಿ ಎತ್ತಿದಂತೆ ಹಂಚಿ, ಒಂದು ಗುಂಪಿಗೆ ಡೆಫೆರಾಸಿರಾಕ್ಸ್, ಇನ್ನೊಂದಕ್ಕೆ ಹುಸಿಗುಳಿಗೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ ಟೆಲೆಸ್ಟೊ. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಕಡಿಮೆ ಅಪಾಯದ ಎಂಡಿಎಸ್ ಇದ್ದ 225 ಜನ. ಹೃದಯ ಅಥವಾ ಯಕೃತ್ತಿನ ಗಂಭೀರ ತೊಂದರೆ, ರಕ್ತಕ್ಯಾನ್ಸರ್‌ಗೆ ತಿರುಗುವುದು, ಸಾವು, ಇವುಗಳಲ್ಲಿ ಯಾವುದೂ ಇಲ್ಲದೆ ಕಳೆದ ಕಾಲದ ಮಧ್ಯಾಂಕ ಔಷಧದ ಗುಂಪಿನಲ್ಲಿ ಸುಮಾರು 3.9 ವರ್ಷ, ಇನ್ನೊಂದರಲ್ಲಿ 3 ವರ್ಷ. ವ್ಯತ್ಯಾಸ ಇದೆ, ಸಣ್ಣದಲ್ಲ. ಆದರೆ ಬದುಕಿನ ಒಟ್ಟು ಅವಧಿಯನ್ನು ಮಾತ್ರ ಹೋಲಿಸಿದಾಗ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಆ ಪ್ರಶ್ನೆಗೆ ಉತ್ತರಿಸಲು ಜನ ಸಾಲಲಿಲ್ಲ. ಮೊದಲು ಇನ್ನೂ ಹೆಚ್ಚು ಜನರನ್ನು ಸೇರಿಸಬೇಕೆಂದಿದ್ದರು, ಸಿಗಲಿಲ್ಲ.

ಆ ಅಧ್ಯಯನದಲ್ಲಿ ಇದ್ದವರು ಕಡಿಮೆ ಅಪಾಯದವರು ಎಂಬುದನ್ನು ಮರೆಯಬಾರದು. ನಿಮ್ಮ ತಾಯಿಯವರಂತೆ ಹೆಚ್ಚಿನ ಅಪಾಯದ ಗುಂಪಿನಲ್ಲಿ ಈ ಔಷಧವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕಬ್ಬಿಣ ಅಂಗಗಳನ್ನು ಕೆಡಿಸಲು ವರ್ಷಗಳು ಬೇಕು, ಕಾಯಿಲೆ ಅಷ್ಟು ಕಾಲ ಬಿಡುವುದಿಲ್ಲ. ಅವರಿಗೆ ಔಷಧ ನಿಲ್ಲಿಸಿದ್ದು ಸರಿಯಾದ ಕೆಲಸ. ಗದರಿದ್ದು ಪ್ರೀತಿಯಿಂದ, ಅದು ಅವರಿಗೆ ಗೊತ್ತಿರದೆ ಇರುವುದಿಲ್ಲ.

ಕಿರಿಮಗಳು ಅವರ ತಂದೆಯ ಸಂಗತಿ ಬೇರೆ. ಕಡಿಮೆ ಅಪಾಯ, ಎಸ್‌ಎಫ್‌3ಬಿ1, ಮುಂದೆ ವರ್ಷಗಳ ದಾರಿ ಇದೆ. 20 ಬ್ಯಾಗ್ ದಾಟಿದೆ, ಫೆರಿಟಿನ್ 1,000ದ ಗೆರೆ ದಾಟಿದೆ. ಹೆಚ್ಚಿನ ತಜ್ಞರು ಯೋಚಿಸಲು ಶುರು ಮಾಡುವುದು ಇಲ್ಲೇ. ಕಬ್ಬಿಣ ಇಳಿದ ಮೇಲೆ ಸುಮಾರು ಐವರಲ್ಲಿ ಒಬ್ಬರಿಗೆ ಹಿಮೋಗ್ಲೋಬಿನ್ ಏರಿದ್ದು ಅಥವಾ ಬ್ಯಾಗ್‌ಗಳ ಅಗತ್ಯ ಕಡಿಮೆಯಾದದ್ದು ಡೆಫೆರಾಸಿರಾಕ್ಸ್‌ನ ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಅದರಲ್ಲಿ ಹೋಲಿಕೆಯ ಗುಂಪು ಇರಲಿಲ್ಲ, ಆದ್ದರಿಂದ ಅತಿಯಾಗಿ ನೆಚ್ಚಬಾರದು. ಆದರೂ ಕಬ್ಬಿಣದ ಉರಿ ತಗ್ಗಿದಾಗ ಮಜ್ಜೆ ಒಂದಿಷ್ಟು ಉಸಿರಾಡುತ್ತದೆ ಎಂಬ ಮಾತಿಗೆ ಅದು ಹೊಂದುತ್ತದೆ.

ಹಿರಿಮಗ

ಬರೆದದ್ದಕ್ಕೆ ಧನ್ಯವಾದ. ಎರಡು ಗುಂಪುಗಳ ಈ ವ್ಯತ್ಯಾಸವನ್ನು ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ತಂಗಿ, ಶುರು ಮಾಡುವುದಾದರೆ ಅಪ್ಪನನ್ನು ಕೇಳಿಯೇ ಶುರು ಮಾಡಿ. ಹೊಟ್ಟೆ ಕೆಟ್ಟರೆ ಅವರು ನಿಮಗೆ ಹೇಳುವಂತಿರಬೇಕು. ನನ್ನ ಅಮ್ಮ ನನಗೆ ಹೆದರಿ ಹತ್ತು ದಿನ ಹೇಳಿರಲಿಲ್ಲ.

ಹೊಸಮಜ್ಜೆ

ಮಜ್ಜೆ ರಕ್ತಕಣ ಕಟ್ಟುವುದನ್ನೇ ಬಹುತೇಕ ನಿಲ್ಲಿಸುವ ಅಪ್ಲಾಸ್ಟಿಕ್ ಅನೀಮಿಯಾ ಆಗಿ ಅಣ್ಣನ ಮಜ್ಜೆಯನ್ನು ಕಸಿ ಮಾಡಿಸಿಕೊಂಡವಳು ನಾನು. ಕಸಿಗೆ ಮುನ್ನ ಫೆರಿಟಿನ್ ಬಹಳ ಹೆಚ್ಚಿದ್ದವರಿಗೆ ಕಸಿಯ ನಂತರ ತೊಂದರೆಗಳು ಹೆಚ್ಚು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಕೆಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೂ ಬೆಳೆಯಲು ಕಬ್ಬಿಣವೇ ಬೇಕಂತೆ. ಡೆಫೆರಾಕ್ಸಮಿನ್ ಹಿಡಿದ ಕಬ್ಬಿಣವನ್ನು ಮ್ಯೂಕರ್ ಗುಂಪಿನ ಶಿಲೀಂಧ್ರ ಕಸಿದುಕೊಳ್ಳಬಲ್ಲದು ಎಂದು ನನಗೆ ಬೇರೆ ಔಷಧ ಕೊಟ್ಟರು.

ಕಸಿ ಹಿಡಿದು ಹಿಮೋಗ್ಲೋಬಿನ್ ತಾನೇ ನಿಂತ ಮೇಲೆ ನನ್ನ ಕಬ್ಬಿಣ ಇಳಿಸಿದ್ದು ಅತ್ಯಂತ ಸರಳವಾಗಿ: ತೋಳಿನಿಂದ ರಕ್ತ ತೆಗೆದು. ಒಂದು ಸಲ 450 ಮಿಲಿಲೀಟರ್ ತೆಗೆದರೆ 200 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಹೊರಗೆ. ವರ್ಷಗಟ್ಟಲೆ ಬೇರೆಯವರ ರಕ್ತ ಒಳಗೆ ಹೋಗುವುದನ್ನು ನೋಡುತ್ತಿದ್ದವಳು, ನನ್ನ ಮಜ್ಜೆ ಕಟ್ಟಿದ ರಕ್ತ ಅದೇ ತೋಳಿನಿಂದ ಹೊರಬಂದು ಚೀಲ ತುಂಬುವುದನ್ನು ನೋಡಿ ಅತ್ತುಬಿಟ್ಟೆ. ನರ್ಸ್ ನೋವಾಯಿತೇ ಎಂದು ಗಾಬರಿಯಾದರು.

ನಿಮ್ಮ ತಂದೆಯವರಿಗೆ ಈ ದಾರಿ ಈಗ ಇಲ್ಲ, ರಕ್ತವೇ ಸಾಲದಲ್ಲ. ಆದರೆ ಬ್ಯಾಗ್‌ಗಳನ್ನೇ ಕಡಿಮೆ ಮಾಡುವ ಔಷಧದ ಬಗ್ಗೆ ಕೇಳಿದ್ದೀರಾ? ಲಸ್ಪಾಟರ್‌ಸೆಪ್ಟ್ ಎಂಬ ಚುಚ್ಚುಮದ್ದು, ಮೂರು ವಾರಕ್ಕೊಮ್ಮೆ. ಅರ್ಧದಲ್ಲೇ ಸಾಯುವ ಕೆಂಪುಕಣಗಳು ಬಲಿಯಲು ನೆರವಾಗುತ್ತದೆ. ರಿಂಗ್ ಸಿಡೆರೋಬ್ಲಾಸ್ಟ್ ಇರುವ ಎಂಡಿಎಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿಗೆ ಕೊಟ್ಟಿದೆ. ಬರುವ ಕಬ್ಬಿಣವನ್ನೇ ತಡೆದರೆ ತೆಗೆಯುವ ಕಷ್ಟವೂ ಕಡಿಮೆ.

ನೀಲಿಕಣ

ಹೊಸಮಜ್ಜೆ ಅವರೇ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ನಾವು ಸ್ಲೈಡ್ ಮೇಲೆ ಹೆಸರಿನ ಬದಲು ಒಂದು ಸಂಖ್ಯೆಯನ್ನು ನೋಡಿ, ಎಣಿಸಿ, ಮುಂದಿನದಕ್ಕೆ ಹೋಗುತ್ತೇವೆ. ಆ ಸಂಖ್ಯೆ ಆಮೇಲೆ ಏನಾಯಿತು ಎಂದು ನಮಗೆ ತಿಳಿಯುವುದೇ ಇಲ್ಲ.

ಕಿರಿಮಗಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ.

ನಮ್ಮ ವೈದ್ಯರು ರಜೆ ಮುಗಿಸಿ ಬಂದರು. ಬ್ಯಾಗ್‌ಗಳ ಪಟ್ಟಿಯನ್ನು ಮುಂದಿಟ್ಟೆ. ಅವರು ಮೇಲಿಂದ ಕೆಳಗೆ ಬೆರಳಾಡಿಸಿ ಎಣಿಸಿ, ‘ಇದನ್ನು ನಾನೇ ನೋಡಬೇಕಿತ್ತು’ ಎಂದರು. ಅದನ್ನು ಕೇಳಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ.

ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಶೇಕಡಾ 88. ಎಂಆರ್‌ಐ ಕೂಡ ಆಯಿತು. ಯಕೃತ್ತಿನಲ್ಲಿ ಒಂದು ಗ್ರಾಂ ಒಣತೂಕಕ್ಕೆ 11 ಮಿಲಿಗ್ರಾಂ ಕಬ್ಬಿಣ, ಇರಬೇಕಾದದ್ದು 2ರ ಒಳಗೆ. ಹೃದಯದ ಟಿ2 ಸ್ಟಾರ್ 34. ರಕ್ತಬಂಧು, ಆ 34 ಕಂಡ ಕೂಡಲೇ ನಿಮ್ಮ 8 ನೆನಪಾಯಿತು. ಹೃದಯಕ್ಕೆ ಇನ್ನೂ ಹೋಗಿಲ್ಲ, ಈಗಲೇ ಹಿಡಿಯೋಣ ಎಂದರು ವೈದ್ಯರು. ಪ್ಲೇಟ್‌ಲೆಟ್ 1,40,000 ಇದೆ. ಕ್ರಿಯಾಟಿನಿನ್ ಎರಡು ಸಲವೂ ಸರಿಯಾಗಿಯೇ ಬಂತು, ಆದರೂ ವಯಸ್ಸು ನೋಡಿ ಮೊದಲ ತಿಂಗಳು ವಾರವಾರವೂ ನೋಡುತ್ತಾರಂತೆ. ಡೆಫೆರಾಸಿರಾಕ್ಸ್ ಕಡಿಮೆ ಪ್ರಮಾಣದಲ್ಲಿ ಶುರುವಾಗಿದೆ. ಲಸ್ಪಾಟರ್‌ಸೆಪ್ಟ್ ವಿಷಯವನ್ನು ಮುಂದಿನ ಭೇಟಿಯಲ್ಲಿ ಮಾತಾಡೋಣ ಎಂದಿದ್ದಾರೆ.

ಹಿರಿಮಗ ಅಣ್ಣ, ಅಪ್ಪನನ್ನು ಕೇಳಿಯೇ ಶುರು ಮಾಡಿದೆ. ಉಂಗುರದ ಚಿತ್ರ ಬರೆದು ತೋರಿಸಿ ಎಲ್ಲ ವಿವರಿಸಿದೆ. ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದರು. ಆಮೇಲೆ ‘ಹೊಟ್ಟೆ ಕೆಟ್ಟರೆ ಹೇಳುತ್ತೇನೆ, ನೀನು ಗದರಬಾರದು’ ಎಂದರು. ಗದರುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ನೋಟ್‌ಪುಸ್ತಕವನ್ನು ಈಗ ಅವರೇ ಬರೆಯುತ್ತಾರೆ. ಹಳೆಯ 26 ಸಾಲುಗಳನ್ನೂ ತಮ್ಮ ಅಕ್ಷರದಲ್ಲಿ ನಕಲು ಮಾಡಿಕೊಂಡಿದ್ದಾರೆ. ಬುಧವಾರ 29ನೆಯ ಬ್ಯಾಗ್. ಅಂದೇ ಮೊದಲ ವಾರದ ಕ್ರಿಯಾಟಿನಿನ್‌ಗೂ ರಕ್ತ ತೆಗೆಯುತ್ತಾರೆ. ಎಷ್ಟು ಬಂತು ಎಂದು ಇಲ್ಲೇ ಬರೆಯುತ್ತೇನೆ.